ಹೊಳೆಯ ಈಚೆಯ ದಂಡೆ
(ಕೊಪ್ಪಳದಲ್ಲಿ ನೆರೆದ ಶಿಕ್ಷಕರ ಮುಂದೆ ಮಾಡಿದ ಭಾಷಣ)



ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯವರಾದ ನಾವು ಬುತ್ತಿ ಕಟ್ಟಿಕೊಂಡು, ಮಕ್ಕಳುಮರಿಗಳೊಡನೆ ಹಂಪೆಗೆ ಹೋಗಿ ಬರುವುದು ಹೊಸತಲ್ಲ. ವಿರೂಪಾಕ್ಷನ ದರ್ಶನ, ಕಲ್ಲಿನ ರಥ, ಕಮಲಮಹಲು, ಗಜಶಾಲೆ, ಸಂಜೆಗೆ ಮನೆ. ನಾನೂ ಹತ್ತಾರು ಸಲ ಹೀಗೆಯೇ ಮಾಡಿದವನು.

ಈ ಸಲ ವಿಠ್ಠಲ ದೇವಾಲಯದಿಂದ ಹೊರಬರುತ್ತಲೇ ನನ್ನ ವೃದ್ಧ ತಾಯಿಯವರು, ಆನೆಗೊಂದಿಯ ರಂಗನಾಥನಿಗೆ ಕಾಯಿ ಒಡೆಸುವ ಹರಕೆಯುಂಟೆಂದು ಹಟ ಹಿಡಿದರು. ಹರಿಗೋಲನ್ನೇರಿದೆವು. ಸುಮಾರು 1520ರಲ್ಲಿ ಇಲ್ಲಿಗೆ ಬಂದ ಪೋರ್ತುಗೀಜ ಪ್ರವಾಸಿ ಡೊಮಿಂಗೊ ಪಾಯಸನು ಬುಟ್ಟಿಯಂತಿರುವ ಈ ದುಂಡು ದೋಣಿಯನ್ನು ವರ್ಣಿಸಿರುವನು: ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲು, ಹದಿನೈದಿಪ್ಪತ್ತು ಮಂದಿಗೆ ಎಡೆ. ತೊಗಲು ಹೋಗಿದೆ, ಆಕಾರ ಅದೇ.

ದಂಡೆಗೆ ಇಳಿದೊಡನೆ ಮಗನು ಕೇಳಿದನು: "ಅಪ್ಪಾ, ಹಂಪಿ ಮುಗೀತು. ಇದ್ಯಾವ ಊರು?"

ನನ್ನ ತಾಯಿಯವರೇ ಉತ್ತರ ಕೊಟ್ಟರು: "ಮುಗದಿಲ್ಲೋ ತಮ್ಮಾ. ಸುರು ಆಗಿದ್ದ ಇಲ್ಲೆ."

ವರ್ಷಗಟ್ಟಲೆ ಇತಿಹಾಸದ ಪಾಠ ಹೇಳಿದ ನನಗೆ ನಾಚಿಕೆಯಾಯಿತು. 1336, 1565 ಎಂಬ ಇಸವಿಗಳನ್ನು ಮಕ್ಕಳಿಂದ ಬಾಯಿಪಾಠ ಮಾಡಿಸಿದ್ದೆನೇ ಹೊರತು, ಮೊದಲಿನ ರಾಜಧಾನಿ ನಮ್ಮ ದಂಡೆಯ ಮೇಲಿತ್ತೆಂದು ಜನರು ಪಾಯಸನಿಗೆ ತಿಳಿಸಿದ್ದ ಮಾತನ್ನು ಒಮ್ಮೆಯೂ ಹೇಳಿರಲಿಲ್ಲ.

ಈ ಮರೆವಿಗೆ ಒಂದು ಚರಿತ್ರೆಯಿದೆ. 1800ರಲ್ಲಿ ನಿಜಾಮನು ಬಳ್ಳಾರಿ ಮೊದಲಾದ ಸೀಮೆಗಳನ್ನು ಕಂಪನಿ ಸರಕಾರಕ್ಕೆ ಒಪ್ಪಿಸಿದನು, ತುಂಗಭದ್ರೆಯೇ ಗಡಿಯಾಯಿತು. ಹಂಪೆ ಮದರಾಸಿಗೆ, ಆನೆಗೊಂದಿ ಹೈದರಾಬಾದಿಗೆ! ಒಂದೇ ಪಟ್ಟಣದ ಎರಡು ದಂಡೆಗಳಿಗೆ ಎರಡು ಸರಕಾರ, ಎರಡು ಕಚೇರಿ. 1905ರಲ್ಲಿ ಆಲೂರು ವೆಂಕಟರಾಯರು ಆನೆಗೊಂದಿಗೂ ಹಂಪೆಗೂ ಬಂದಾಗ, ಒಂದು ಹಾಳೂರನ್ನು ನೋಡಲು ಎರಡು ರಾಜ್ಯಗಳನ್ನು ತುಳಿಯಬೇಕಾಯಿತು. ಅಲ್ಲಿ ಕಂಡದ್ದು ಅವರ ಬಾಳನ್ನೇ ತಿರುಗಿಸಿತು. 1917ರಲ್ಲಿ 'ಕರ್ನಾಟಕ ಗತವೈಭವ' ಹೊರಬಂದಿತು. ಬಳ್ಳಾರಿ ಸೀಮೆ 1953ರಲ್ಲಿ ಮೈಸೂರಿಗೆ ಸೇರಿತು, ನಮ್ಮ ಸೀಮೆ 1956ರ ನವೆಂಬರ್ 1ರಂದು ಕೂಡಿಕೊಂಡಿತು. ನಕ್ಷೆಯ ಗಡಿ ಅಳಿಯಿತು; ನಮ್ಮ ಪ್ರವಾಸವು ಮಾತ್ರ ಇಂದಿಗೂ ಆಚೆಯ ದಂಡೆಯಲ್ಲಿಯೇ ನಿಲ್ಲುತ್ತದೆ. (ಇಟಗಿಯ ಮಹಾದೇವ ದೇವಾಲಯವನ್ನು, 1112ರ ಆ ಕೆತ್ತನೆಯನ್ನು, ನಮ್ಮಲ್ಲಿ ಎಷ್ಟು ಮಂದಿ ಮಕ್ಕಳಿಗೆ ತೋರಿಸಿದ್ದೇವೆ? ಗವಿಮಠದ ಅಶೋಕಶಾಸನವನ್ನು? ಕೇಳದಿರುವುದೇ ಲೇಸು.)

ಕಾಯಿ ಒಡೆಸಿ, ಗಗನಮಹಲನ್ನೂ ಹುಚ್ಚಪ್ಪಯ್ಯನ ಮಠದ ಕಂಬಗಳನ್ನೂ ನೋಡಿ ಮರಳುವಾಗ, ನೀರಿನ ನಡುವೆ ಹಳೆಯ ಸೇತುವೆಯ ಕಲ್ಲುಗಂಬಗಳು ಕಂಡವು. ಇದೇ ಹೊಳೆಗೆ ನಮ್ಮ ಕಾಲದವರು ಕಟ್ಟುತ್ತಿದ್ದ ಸೇತುವೆಯು 2009ರ ಜನವರಿಯಲ್ಲಿ ಕುಸಿದು ಕೂಲಿಕಾರರು ಸತ್ತರು. ಅಂಬಿಗನು ಆ ಮಾತನ್ನೆತ್ತಿ ಸುಮ್ಮನಾದನು.

ಶಿಕ್ಷಕ ಬಂಧುಗಳಲ್ಲಿ ನನ್ನ ಅರಿಕೆಯಿಷ್ಟು: ಬರುವ ಪ್ರವಾಸವನ್ನು ಆನೆಗೊಂದಿಯಿಂದ ತೊಡಗಿರಿ. ಹೊಳೆ ತುಂಬಿದಾಗ ಹರಿಗೋಲು ನಡೆಯದು, ದೀವಳಿಗೆ ಕಳೆಯಲಿ. ನಮಗೆ ಅಂದು ಕಮಲಮಹಲು ತಪ್ಪಿತು. ಮಕ್ಕಳು ಅದನ್ನು ಕೇಳಲೂ ಇಲ್ಲ.