ಬ್ಯಾಟರಿ ಬೇಡದ ರಿಮೋಟು

ಮಕ್ಕಳೇ, ಮನೆಯ ಟೀವಿ ರಿಮೋಟು ಮಾತು ಕೇಳದಿದ್ದರೆ ಏನು ಮಾಡುತ್ತೀರಿ? ಹಿಂದಿನ ಮುಚ್ಚಳ ತೆಗೆದು, ಸೆಲ್ಲುಗಳನ್ನು ಬೆರಳಲ್ಲಿ ಉರುಳಿಸಿ, ಮತ್ತೆ ಹಾಕಿ ನೋಡುತ್ತೀರಿ, ಅಲ್ಲವೇ? ಇವತ್ತು ನಾನು ಹೇಳಹೊರಟ ರಿಮೋಟಿನಲ್ಲಿ ಸೆಲ್ಲೇ ಇಲ್ಲ. ವೈರೂ ಇಲ್ಲ. ಆದರೂ ಗುಂಡಿ ಒತ್ತಿದರೆ ಕೋಣೆಯ ಆಚೆ ತುದಿಯ ಟೀವಿಯಲ್ಲಿ ಚಾನೆಲ್ ಬದಲಾಗುತ್ತದೆ. ಇದು 1956ರಲ್ಲಿ ಅಮೆರಿಕದಲ್ಲಿ ತಯಾರಾದದ್ದು.

ಮೊದಲು ಆ ಕಾಲದ ಟೀವಿಯನ್ನು ಕಣ್ಣಮುಂದೆ ತಂದುಕೊಳ್ಳಿ. ದೊಡ್ಡ ಮರದ ಪೆಟ್ಟಿಗೆ, ಉಬ್ಬಿದ ಗಾಜಿನ ಪರದೆ, ಪಕ್ಕದಲ್ಲೊಂದು ದುಂಡನೆಯ ತಿರುಗುಗುಂಡಿ. ಗುಂಡಿಯ ಸುತ್ತ 2ರಿಂದ 13ರವರೆಗೆ ಅಂಕಿಗಳು. ಚಾನೆಲ್ ಬದಲಿಸಬೇಕೆಂದರೆ ಎದ್ದು ಹೋಗಿ ಅದನ್ನು ಕಟ ಕಟ ಎಂದು ತಿರುಗಿಸಬೇಕು.

ಕೂತಲ್ಲಿಂದಲೇ ಇದನ್ನು ತಿರುಗಿಸುವುದು ಹೇಗೆ? ಶಿಕಾಗೋದ ಜೆನಿತ್ ಕಂಪನಿ 1950ರಲ್ಲಿ ಒಂದು ಉಪಾಯ ಮಾಡಿತು. ಟೀವಿಯೊಳಗೆ ಒಂದು ಮೋಟಾರು ಕೂರಿಸಿತು. ಮೋಟಾರಿನಿಂದ ಉದ್ದನೆಯ ವೈರು, ವೈರಿನ ಕೊನೆಗೆ ಒತ್ತುವ ಗುಂಡಿ. ಒತ್ತಿದರೆ ಮೋಟಾರು ತಿರುಗಿ ಚಾನೆಲ್ ಬದಲಾಗುತ್ತಿತ್ತು. ಇದಕ್ಕೆ ಇಟ್ಟ ಹೆಸರು ‘ಲೇಜಿ ಬೋನ್ಸ್’, ಅಂದರೆ ಸೋಮಾರಿ! ಆದರೆ ನೆಲದ ಮೇಲೆ ಹರಡಿದ ವೈರಿಗೆ ಜನ ಎಡವುತ್ತಿದ್ದರು.

1955ರಲ್ಲಿ ಅದೇ ಕಂಪನಿಯ ಯೂಜೀನ್ ಪೋಲಿ ಎಂಬವರು ವೈರನ್ನೇ ತೆಗೆದುಹಾಕಿದರು. ಪರದೆಯ ನಾಲ್ಕು ಮೂಲೆಗಳಲ್ಲಿ ಬೆಳಕನ್ನು ಗುರುತಿಸುವ ಕಣ್ಣುಗಳನ್ನಿಟ್ಟರು. ಪಿಸ್ತೂಲಿನ ಆಕಾರದ ಟಾರ್ಚಿನಿಂದ ಒಂದೊಂದು ಮೂಲೆಗೆ ಬೆಳಕು ಬಿಟ್ಟರೆ ಒಂದೊಂದು ಕೆಲಸ ನಡೆಯುತ್ತಿತ್ತು. ಸೊಗಸಾಗಿತ್ತು, ಆದರೆ ಕಿಟಕಿಯಿಂದ ಬಿಸಿಲು ಬಿದ್ದರೂ ಟೀವಿ ತಾನಾಗಿಯೇ ಚಾನೆಲ್ ಬದಲಿಸಿಬಿಡುತ್ತಿತ್ತು. ಸೂರ್ಯನ ಕೈಗೂ ಒಂದು ರಿಮೋಟು ಕೊಟ್ಟಂತಾಯಿತು!

ಆಮೇಲೆ ಬಂದವರು ಅದೇ ಕಂಪನಿಯ ರಾಬರ್ಟ್ ಆಡ್ಲರ್, ವಿಯೆನ್ನಾದಲ್ಲಿ ಹುಟ್ಟಿದ ವಿಜ್ಞಾನಿ. ರೇಡಿಯೋ ಅಲೆ ಬಳಸೋಣವೆಂದರೆ ಅದು ಗೋಡೆ ದಾಟಿ ಹೋಗಿ ಪಕ್ಕದ ಮನೆಯ ಟೀವಿಯನ್ನೂ ಕುಣಿಸುತ್ತದೆ. ಬ್ಯಾಟರಿ ಹಾಕೋಣವೆಂದರೆ ಮಾರಾಟದವರು ಬೇಡವೆಂದರು. ಅದು ಮುಗಿದ ದಿನ ಜನ ಟೀವಿಯೇ ಕೆಟ್ಟಿತೆಂದು ತಿಳಿದಾರು ಎಂಬ ಭಯ ಅವರಿಗೆ. ಆಡ್ಲರ್ ಶಬ್ದವನ್ನು ಆರಿಸಿಕೊಂಡರು. ಅದೂ ನಮಗೆ ಕೇಳಿಸದ ಶಬ್ದ.

ಕೇಳಿಸದ ಶಬ್ದವೆಂದರೇನು? ಕೆಲವು ಶಾಲೆಗಳಲ್ಲಿ ರೈಲು ಕಂಬಿಯ ತುಂಡನ್ನು ತೂಗುಹಾಕಿ ಗಂಟೆ ಮಾಡಿರುತ್ತಾರೆ, ನೋಡಿದ್ದೀರಾ? ಬಡಿದೊಡನೆ ಮೆಲ್ಲಗೆ ಬೆರಳು ತಾಗಿಸಿದರೆ ಝುಮ್ಮೆನ್ನುತ್ತದೆ. ಕಂಬಿ ನಡುಗುತ್ತಿದೆ, ಆ ನಡುಕವೇ ಶಬ್ದವಾಗಿ ಕಿವಿಗೆ ಬರುತ್ತಿದೆ. ತುಂಡು ಗಿಡ್ಡವಾದಷ್ಟೂ ನಡುಕ ಬೇಗಬೇಗ, ಸ್ವರ ಕೀರಲು. ಈಗ ಆ ತುಂಡನ್ನು ಮನಸ್ಸಿನಲ್ಲೇ ಕತ್ತರಿಸುತ್ತಾ ಬನ್ನಿ. ಗೇಣುದ್ದ, ಅದರರ್ಧ, ಕೊನೆಗೆ ನಿಮ್ಮ ಬೆರಳುದ್ದ.

ಆಡ್ಲರ್ ಬಳಸಿದ್ದು ಅಂಥದೇ ಬೆರಳುದ್ದದ, ಸುಮಾರು 6 ಸೆಂಟಿಮೀಟರಿನ ಅಲ್ಯೂಮಿನಿಯಂ ಸರಳು. ಬಡಿದರೆ ಅದು ಸೆಕೆಂಡಿಗೆ ಸುಮಾರು 40,000 ಸಲ ನಡುಗುತ್ತದೆ. ನಮ್ಮ ಕಿವಿಯ ಶಕ್ತಿ ಸೆಕೆಂಡಿಗೆ 20,000 ನಡುಕಕ್ಕೇ ಮುಗಿಯಿತು. ಹಾಗಾಗಿ ಗಂಟೆ ಬಾರಿಸಿದ್ದು ನಿಜ, ಕೇಳಿಸುವುದು ಮಾತ್ರ ಇಲ್ಲ.

ರಿಮೋಟಿನೊಳಗೆ ಅಂಥ ನಾಲ್ಕು ಸರಳುಗಳು, ಉದ್ದದಲ್ಲಿ ಒಂದಕ್ಕೊಂದು ಕೂದಲೆಳೆಯ ವ್ಯತ್ಯಾಸ. ಆದ್ದರಿಂದ ನಾಲ್ಕಕ್ಕೂ ಬೇರೆ ಬೇರೆ ಸ್ವರ. ಗುಂಡಿ ಒತ್ತಿದಾಗ ಸ್ಪ್ರಿಂಗಿನ ಪುಟಾಣಿ ಸುತ್ತಿಗೆಯೊಂದು ಸರಳಿನ ತುದಿಗೆ ಟಿಕ್ ಎಂದು ಬಡಿಯುತ್ತದೆ. ಕೆಲಸಕ್ಕೆ ಬೇಕಾದ ಶಕ್ತಿಯನ್ನೆಲ್ಲ ಕೊಡುವುದು ನಿಮ್ಮ ಹೆಬ್ಬೆರಳೇ.

ಟೀವಿಯಲ್ಲಿ ಒಂದು ಮೈಕು ಆ ಸ್ವರಕ್ಕಾಗಿ ಕಿವಿಗೊಟ್ಟು ಕೂತಿರುತ್ತದೆ. ಕ್ಷೀಣ ಸ್ವರವನ್ನು ಬಲಪಡಿಸಿ, ನಾಲ್ಕರಲ್ಲಿ ಯಾವುದೆಂದು ಗುರುತಿಸಲು ಗಾಜಿನ ಆರು ವಾಲ್ವುಗಳು. ಅದು ಚಾನೆಲ್ ಬದಲಿಸುವ ಸ್ವರವಾದರೆ ಕೂಡಲೇ ಮೋಟಾರಿಗೆ ವಿದ್ಯುತ್ತು ಹರಿದು, ಪರದೆಯ ಪಕ್ಕದ ತಿರುಗುಗುಂಡಿ ಯಾರೂ ಮುಟ್ಟದೆ ತಾನೇ ತಿರುಗುತ್ತದೆ. ಬೀಗದ ಕೈಗಳ ಗೊಂಚಲನ್ನು ಅಲ್ಲಾಡಿಸಿದರೂ ಕೆಲವೊಮ್ಮೆ ಹೀಗಾಗುತ್ತಿತ್ತು. ಏಕೆಂದರೆ ಆ ಝಣಝಣದಲ್ಲಿ ನಮಗೆ ಕೇಳಿಸುವ ಸದ್ದಿನ ಜೊತೆಗೆ ಕೇಳಿಸದ್ದೂ ಸೇರಿರುತ್ತದೆ.

ಇಂಥ ಹಳೆಯ ಟೀವಿಗಳನ್ನು ಹುಡುಕಿ ತಂದು ಮತ್ತೆ ನಡೆಸುವ ಹವ್ಯಾಸಿಗಳಿದ್ದಾರೆ. ಅವರಿಗೆ ರಿಮೋಟಿನದು ಹೆಚ್ಚು ತಲೆನೋವಲ್ಲ. ಅಲ್ಯೂಮಿನಿಯಂ ಸರಳಿಗೆ ವಯಸ್ಸಾಗುವುದು ಬಹಳ ನಿಧಾನ. ತೊಂದರೆಯೆಲ್ಲ ಟೀವಿಯ ಕಡೆ. ಮೋಟಾರಿನ ಹಲ್ಲುಚಕ್ರಗಳಿಗೆ ಹಚ್ಚಿದ್ದ ಗ್ರೀಸು ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಅದನ್ನು ಕೆರೆದು, ಒರೆಸಿ, ಹೊಸದು ಹಚ್ಚಬೇಕು. ವಿದ್ಯುತ್ತನ್ನು ಕ್ಷಣಕಾಲ ಹಿಡಿದಿಟ್ಟು ಬಿಡುವ ಕೆಪಾಸಿಟರುಗಳು ಅಂದು ಕಾಗದ, ಮೇಣದಿಂದ ಮಾಡಿದವು. ತೇವ ಹೀರಿ ಅವು ಸೋರುತ್ತವೆ, ನೀರನ್ನಲ್ಲ, ವಿದ್ಯುತ್ತನ್ನು. ಒಂದೊಂದಾಗಿ ಕಿತ್ತು ಹೊಸದು ಹಾಕಬೇಕು. ಇದು ದೊಡ್ಡವರ, ಅದೂ ಪಳಗಿದವರ ಕೆಲಸ. ಟೀವಿಯ ಪ್ಲಗ್ಗು ಕಿತ್ತ ಮೇಲೂ ಪಿಕ್ಚರ್ ಟ್ಯೂಬಿನಲ್ಲಿ ಸಾವಿರಾರು ವೋಲ್ಟು ಉಳಿದಿರಬಹುದು. ನೀವು ಕೈಹಾಕುವಂತಿಲ್ಲ.

ಕೇಳಿಸದ ಸ್ವರ ಹೊರಡುತ್ತಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ? ನನಗೆ ತುಂಬಾ ಇಷ್ಟವಾದ ಉಪಾಯವೊಂದಿದೆ. ಬಾವಲಿಗಳೂ ನಮಗೆ ಕೇಳಿಸದಷ್ಟು ಕೀರಲಾಗಿ ಕೂಗುತ್ತವೆ. ಆ ಕೂಗನ್ನು ತಗ್ಗಿಸಿ ನಮ್ಮ ಕಿವಿಗೆ ಮುಟ್ಟಿಸುವ ಉಪಕರಣವನ್ನು ಪ್ರಾಣಿತಜ್ಞರು ಬಳಸುತ್ತಾರೆ. ಅದನ್ನೇ ರಿಮೋಟಿನ ಮುಂದೆ ಹಿಡಿದು ಗುಂಡಿ ಒತ್ತಿದರೆ ಆಯಿತು, ಗುಟ್ಟು ಹೊರಬರುತ್ತದೆ.

ಎಲ್ಲ ಸರಿಹೋದರೂ ಒಂದು ತಮಾಷೆ ಉಳಿಯುತ್ತದೆ. ಈ ಪೆಟ್ಟಿಗೆಗೆ ಇಂದಿನ ಡಿಜಿಟಲ್ ಪ್ರಸಾರ ಅರ್ಥವಾಗುವುದಿಲ್ಲ. ಹಾಗಾಗಿ ಹವ್ಯಾಸಿಗಳು ಒಂದು ಪುಟ್ಟ ಡಬ್ಬಿ ಜೋಡಿಸಿ, ಅದರಿಂದ ಸಾಮಾನ್ಯವಾಗಿ 3ನೇ ಚಾನೆಲ್ಲಿಗೆ ಚಿತ್ರ ಕಳಿಸುತ್ತಾರೆ. ಉಳಿದ 11ರಲ್ಲಿ ಬರೀ ಚುಕ್ಕಿಗಳ ಕುಣಿತ, ಸರ್ ಎನ್ನುವ ಸದ್ದು. ಆದರೂ ಅವರು ರಿಮೋಟು ಒತ್ತುತ್ತಲೇ ಇರುತ್ತಾರೆ. ನೋಡಬೇಕಾದದ್ದು ಚಿತ್ರವನ್ನಲ್ಲವಲ್ಲ, ತಾನೇ ತಿರುಗುವ ಆ ಗುಂಡಿಯನ್ನು!