ಎರೆಹೊಲದಿಂದ ಕಡಲತಳಕ್ಕೆ



ರಾಯಚೂರಿನವರಿಗೆ ಸಮುದ್ರತಳದ ಮಾತೇಕೆ ಎಂದು ನೀವು ಕೇಳಬಹುದು. ದೇವದುರ್ಗ ತಾಲ್ಲೂಕಿನ ಉತ್ತರದ ಅಂಚಿನಲ್ಲಿ ಕೃಷ್ಣೆ, ಮಾನ್ವಿಯ ದಕ್ಷಿಣಕ್ಕೆ ತುಂಗಭದ್ರೆ ಹರಿಯುತ್ತವೆ. ಶ್ರೀಶೈಲಕ್ಕೆ ಮೊದಲೇ ಎರಡೂ ಕೂಡಿ, ಆಂಧ್ರದ ಹಂಸಲದೀವಿಯ ಬಳಿ ಬಂಗಾಳ ಕೊಲ್ಲಿಯನ್ನು ಸೇರುತ್ತವೆ. ಇಂದು ಹೂಳಿನ ಬಹುಪಾಲು ಅಣೆಕಟ್ಟುಗಳಲ್ಲೇ ನಿಲ್ಲುತ್ತದೆ. ಆದರೆ ಅದಕ್ಕೆ ಮುಂಚೆ ಲಕ್ಷಾಂತರ ವರ್ಷ ನಮ್ಮ ಸೀಮೆಯ ಮಣ್ಣು ಭೂಖಂಡದ ಆ ಅಂಚಿನವರೆಗೆ ಹೋಗಿ, ಕಡಲೊಳಗಿನ ಇಳಿಜಾರಿನ ಮೇಲೆ ಪದರ ಪದರವಾಗಿ ಕೂತಿದೆ.

ಒಂದು ಪ್ರಯೋಗ ಮಾಡಿ. ತಳಕ್ಕೆ ಬಟ್ಟೆ ಕಟ್ಟಿದ ಎರಡು ಡಬ್ಬಿಗಳಲ್ಲಿ ಹೊಳೆಯ ಉಸುಕು ಮತ್ತು ಎರೆಮಣ್ಣಿನ ಪುಡಿಯನ್ನು ಬೇರೆ ಬೇರೆಯಾಗಿ ತುಂಬಿ, ನೀರು ಹಾಕಿ. ಉಸುಕಿನಿಂದ ನೀರು ಸರಸರನೆ ಇಳಿದುಹೋಗುತ್ತದೆ. ಎರೆಮಣ್ಣು ನೀರು ಕುಡಿದು ಉಬ್ಬಿ, ಅದನ್ನು ಹಿಡಿದಿಟ್ಟುಕೊಳ್ಳುತ್ತದೆ.

ಕಡಲತಳದಲ್ಲೂ ಇದೇ ನಿಯಮ. ಅಲ್ಲಿಯ ಮೇಲ್ಪದರದ ಜೇಡಿಯಲ್ಲಿ ಎಷ್ಟೋ ಕಡೆ ಗಾತ್ರದ ಶೇಕಡಾ 70ಕ್ಕೂ ಹೆಚ್ಚು ಭಾಗ ನೀರೇ. ಕಣಗಳ ನಡುವಿನ ಈ ತೆರಪಿನ ಪ್ರಮಾಣಕ್ಕೆ ರಂಧ್ರತೆ ಎಂದು ಹೆಸರು. ಆಳಕ್ಕೆ ಹೋದಂತೆ ಮೇಲಿನ ಭಾರಕ್ಕೆ ನೀರು ಹಿಂಡಿಹೋಗಿ ಮಣ್ಣು ಗಟ್ಟಿಯಾಗುತ್ತದೆ. ಆದರೆ ತೆರಪು ಹೆಚ್ಚಿದ್ದ ಮಾತ್ರಕ್ಕೆ ನೀರಾಗಲಿ ಅನಿಲವಾಗಲಿ ಸುಲಭವಾಗಿ ಹರಿಯದು. ಜೇಡಿಯ ರಂಧ್ರಗಳು ಅತಿ ಸಣ್ಣವು.

ಈ ಗುಣದ ಮಹತ್ವ ಕೃಷ್ಣಾ–ಗೋದಾವರಿ ಕಡಲ ಪ್ರದೇಶದಲ್ಲಿ ಕಂಡಿತು. 2006ರಲ್ಲಿ ‘ಜಾಯ್ಡಿಸ್ ರೆಸಲ್ಯೂಷನ್’ ಹಡಗು ಸುಮಾರು 1,000 ಮೀಟರ್ ಆಳದ ನೀರಿನ ಕೆಳಗೆ ಕೊರೆದಾಗ, ಸುಮಾರು 130 ಮೀಟರ್ ದಪ್ಪದ ಜೇಡಿಯಲ್ಲಿ ಅನಿಲ ಹೈಡ್ರೇಟ್ ಸಿಕ್ಕಿತು. ಇದು ಮೀಥೇನ್ ಮತ್ತು ನೀರು ಸೇರಿ ಆದ, ಮಂಜುಗಡ್ಡೆಯಂಥ ವಸ್ತು. ಜೇಡಿಯಲ್ಲಿ ಅದು ಹೆಚ್ಚಾಗಿ ಬಿರುಕುಗಳಲ್ಲಿ ಕೂತಿತ್ತು. 2015ರಲ್ಲಿ ಜಪಾನಿನ ‘ಚಿಕ್ಯು’ ಹಡಗು ಕೊರೆದ ಉಸುಕಿನ ಪದರಗಳಲ್ಲಾದರೋ, ಅದು ಕಣಗಳ ನಡುವೆಯೇ ತುಂಬಿಕೊಂಡಿತ್ತು.

ಒತ್ತಡ ತಗ್ಗಿಸಿದರೆ ಹೈಡ್ರೇಟ್ ಒಡೆದು ಅನಿಲ ಹೊರಬರುತ್ತದೆ. ಉಸುಕಿನಲ್ಲಿ ಅದು ಬಾವಿಯತ್ತ ಹರಿಯಬಲ್ಲದು. ಜೇಡಿಯಲ್ಲಿ ದಾರಿ ಸಿಗುವುದು ಕಷ್ಟ. ಅಷ್ಟೇ ಅಲ್ಲ, ಹೈಡ್ರೇಟ್ ಕರಗಿದ ಮಣ್ಣು ಸಡಿಲವಾಗಿ ಇಳಿಜಾರು ಕುಸಿಯಬಹುದು. ಸೋರಿದ ಮೀಥೇನ್ ಗಾಳಿಗೆ ಸೇರಿದರೆ ಭೂಮಿಯ ಬಿಸಿ ಹೆಚ್ಚುತ್ತದೆ. ಆದ್ದರಿಂದ ಅನಿಲ ಎಷ್ಟಿದೆ ಎಂಬ ಲೆಕ್ಕ ಮಾತ್ರ ಸಾಲದು. ಅದನ್ನು ಹಿಡಿದಿರುವ ಮಣ್ಣು ಎಂಥದು ಎಂಬುದೇ ಮೊದಲ ಪ್ರಶ್ನೆ.

ಮಳೆಗಾಲದಲ್ಲಿ ಎರೆಮಣ್ಣು ಕಾಲಿಗೆ ಮೆತ್ತಿಕೊಂಡಾಗ ಒಂದು ಹಿಡಿ ಎತ್ತಿಕೊಂಡು ಹಿಸುಕಿ ನೋಡಿ. ಕಡಲತಳದ ಮೊದಲ ಪಾಠ ನಿಮ್ಮ ಕೈಯಲ್ಲೇ ಇದೆ.