ಮಡಿಕೇರಿಯ ಸಂಜೆ ಊಟ

ಮಡಿಕೇರಿಗೆ ಹೋದವರು ರಾಜಾಸೀಟಿನಲ್ಲಿ ಸೂರ್ಯಾಸ್ತ ನೋಡಿ ಕೋಣೆ ಸೇರಿಬಿಡುತ್ತಾರೆ. ನಿಜಕ್ಕೂ ಆಮೇಲೆಯೇ ಊರು ಬಲ್ಲವರೊಬ್ಬರ ಜೊತೆ ನಾಲ್ಕಾರು ಹೋಟೆಲು ಸುತ್ತಬೇಕು. ಒಂದು ಕಡೆ ಕೋಳಿಸಾರಿನೊಂದಿಗೆ ಅಕ್ಕಿ ಶಾವಿಗೆಯ ನೂಪುಟ್ಟು, ಇನ್ನೊಂದು ಕಡೆ ಅಕ್ಕಿತರಿಯ ಉಂಡೆ ಕಡಂಬುಟ್ಟು, ಹಂದಿಮಾಂಸದ ಪಂದಿಕರಿ. ಆ ಕರಿಯ ಕಪ್ಪು ಬಣ್ಣ, ಗಾಢ ಹುಳಿ ಎರಡೂ ಬರುವುದು ಕಾಚಂಪುಳಿಯಿಂದ. ಮಲೆನಾಡಿನವರು ಉಪ್ಪಾಗೆ ಎನ್ನುವ ಮರದ ಹಣ್ಣಿನಿಂದ ಮಳೆಗಾಲದಲ್ಲಿ ರಸ ಇಳಿಸಿ, ಗಂಟೆಗಟ್ಟಲೆ ಕುದಿಸಿ ಗಟ್ಟಿ ಮಾಡಿದರೆ ಅದೇ ಕಾಚಂಪುಳಿ. ಬಾಟಲಿಯಲ್ಲಿಟ್ಟರೆ ವರ್ಷಗಟ್ಟಲೆ ಕೆಡದು. ಬಿಡದೆ ಮಳೆ ಸುರಿಯುವ ನಾಡಿನವರ ಎಂಥ ಜಾಣ್ಮೆ! ಅದೇ ಮಳೆಯಲ್ಲಿ ಚಿಗುರುವ ಎಳೆಬಿದಿರು ಕಣಿಲೆಯ ಪಲ್ಯ, ಮಾಂಸ ತಿನ್ನದವರಿಗೂ ಉಂಟು. ಕರೆದೊಯ್ಯುವವರಲ್ಲಿ ನನ್ನದೊಂದು ಕೋರಿಕೆ: ಪ್ರವಾಸಿಗರನ್ನು ಅಡುಗೆಮನೆಯ ಬಾಗಿಲವರೆಗೂ ಕರೆದೊಯ್ಯಿರಿ. ಒಲೆ ಮುಂದೆ ನಿಂತ ಅಕ್ಕಂದಿರಷ್ಟು ಚೆನ್ನಾಗಿ ಈ ಕತೆ ಹೇಳುವವರು ಬೇರೆ ಯಾರೂ ಇಲ್ಲ.